ಟೆಂಡರ್ ಕಡತದೊಳಗೆ ಯಾರ್ಯಾರಿದ್ದಾರೆ

ಒಂದು ಬಯೋಡೇಟಾದಿಂದ ಶುರು ಮಾಡುತ್ತೇನೆ.

ಸೇತುವೆಯೊಂದರ ವಿನ್ಯಾಸಕ್ಕೆ ಸಲಹಾ ಸಂಸ್ಥೆಯನ್ನು ಆರಿಸಬೇಕಿತ್ತು. ನಾನು ಮೌಲ್ಯಮಾಪನ ಸಮಿತಿಯಲ್ಲಿದ್ದೆ. ತಾಂತ್ರಿಕ ಲಕೋಟೆಗಳನ್ನು ತೆರೆದೆವು. ಒಂದು ಕಂಪನಿಯ ಬಿಡ್‌ನಲ್ಲಿ ಒಬ್ಬ ಮಹಿಳಾ ಎಂಜಿನಿಯರ್ ಅವರ ಬಯೋಡೇಟಾ ಇತ್ತು. ಮೊದಲ ಪುಟದ ಬಲ ಮೂಲೆಯಲ್ಲಿ ಫೋಟೊ. ಅದರ ಕೆಳಗೆ ಹುಟ್ಟಿದ ದಿನ, ತಂದೆಯ ಹೆಸರು, ವಿವಾಹಿತೆ, ಇಬ್ಬರು ಮಕ್ಕಳು, ಮನೆ ವಿಳಾಸ, ಮೊಬೈಲ್ ನಂಬರ್, ಪಾಸ್‌ಪೋರ್ಟ್ ಸಂಖ್ಯೆ. ಆಮೇಲೆ ಪದವಿ ಪತ್ರ, ಅಂಕಪಟ್ಟಿಗಳು, ಹಿಂದಿನ ಕೆಲಸಗಳ ಅನುಭವ ಪತ್ರ, ಕೊನೆಗೆ ಮೂರು ತಿಂಗಳ ಸಂಬಳದ ಚೀಟಿ. ಒಟ್ಟು 14 ಪುಟ. ನಾವು ಅಂಕ ಕೊಡುವ ತಖ್ತೆಯಲ್ಲಿ ಅವರಿಗೆ ಸಂಬಂಧಿಸಿದ ಸಾಲುಗಳು ಮೂರೇ: ವಿದ್ಯಾರ್ಹತೆ, ಒಟ್ಟು ಅನುಭವ, ಇಂಥದ್ದೇ ಸೇತುವೆಗಳನ್ನು ಎಷ್ಟು ಮಾಡಿದ್ದಾರೆ. ಆ 14 ಪುಟಗಳಲ್ಲಿ ನಮಗೆ ಬೇಕಾಗಿದ್ದು ಒಂದೂವರೆ ಪುಟ.

ಹೆಸರಿಸಿದ ತಜ್ಞರೆಲ್ಲರಿಂದ ದೃಢೀಕರಣ ಪಡೆಯಬೇಕೆಂದು ಸಮಿತಿ ತೀರ್ಮಾನಿಸಿತು, ಇಮೇಲ್ ಹೋಯಿತು. ಮಾರನೆಯ ದಿನ ಆಕೆಯೇ ಫೋನ್ ಮಾಡಿದರು. ಆ ಕಂಪನಿಯನ್ನು ಬಿಟ್ಟು ಎರಡು ವರ್ಷವಾಗಿತ್ತಂತೆ. ಈ ಟೆಂಡರಿನ ವಿಷಯ ಅವರ ಕಿವಿಗೇ ಬಿದ್ದಿರಲಿಲ್ಲ. ಬಿಟ್ಟು ಬಂದ ಕಂಪನಿ ತಮ್ಮ ಹೆಸರಿನಲ್ಲಿ ಅಂಕ ಗಿಟ್ಟಿಸಲು ನೋಡಿದ್ದು ಅವರಿಗೆ ಸಿಟ್ಟು ತರಿಸಿತ್ತು, ಅದು ಸಹಜ. ಆದರೆ ಅವರು ನನ್ನನ್ನು ಕೇಳಿದ್ದು ಬೇರೆ. "ಸರ್, ನನ್ನ ಸಂಬಳದ ಚೀಟಿಯನ್ನು ಎಷ್ಟು ಜನ ನೋಡಿದ್ದೀರಿ?"

ಫೋನ್ ಇಟ್ಟ ಮೇಲೆ ಎಣಿಸಲು ಕೂತೆ. ಸಮಿತಿಯ ಐದು ಜನ. ಪ್ರತಿ ತೆಗೆದುಕೊಟ್ಟ ಗುಮಾಸ್ತರು. ಪೋರ್ಟಲ್ ನಡೆಸುವ ಸಂಸ್ಥೆಯವರಲ್ಲಿ ಎಷ್ಟು ಜನರ ಬಳಿ ಪಾಸ್‌ವರ್ಡ್ ಇದೆಯೋ ಅಷ್ಟೂ ಜನ. ಒಬ್ಬ ಸದಸ್ಯರು ಮನೆಯಲ್ಲಿ ಓದುತ್ತೇನೆಂದು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದರು. ಇನ್ನೊಬ್ಬರು ತಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಂಡಿದ್ದರು. ಅಲ್ಲಿಗೆ ನನ್ನ ಲೆಕ್ಕ ತಪ್ಪಿತು. ಆಕೆಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಇವತ್ತು ನಿಮ್ಮೆದುರು ನಿಂತು ಮಾತಾಡುವುದಕ್ಕೆ ಆ ಪ್ರಶ್ನೆಯೇ ಕಾರಣ.

ಟೆಂಡರ್ ಎಂದರೆ ಸರ್ಕಾರಕ್ಕೂ ಕಂಪನಿಗೂ ನಡುವಿನ ವ್ಯವಹಾರ ಎಂದೇ ನಮಗೆ ಅಭ್ಯಾಸವಾಗಿದೆ. ಕಂಪನಿಗೆ ಖಾಸಗಿತನ ಎಲ್ಲಿಂದ ಬರಬೇಕು ಎಂದು ಎಷ್ಟೋ ಹಿರಿಯ ಅಧಿಕಾರಿಗಳು ನನ್ನನ್ನೇ ಕೇಳಿದ್ದಾರೆ. ಕಾನೂನಿನ ದೃಷ್ಟಿಯಲ್ಲಿ ಆ ಮಾತಿನಲ್ಲಿ ಅರ್ಧ ನಿಜವಿದೆ. ಯೂರೋಪಿನ ದತ್ತಾಂಶ ಸಂರಕ್ಷಣಾ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ಅದು ಕಾಯುವುದು ಜೀವಂತ ವ್ಯಕ್ತಿಗಳ ಮಾಹಿತಿಯನ್ನು ಮಾತ್ರ. ಕಂಪನಿಯ ವಹಿವಾಟು, ಅದರ ನೋಂದಣಿ ಸಂಖ್ಯೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಲಕೋಟೆ ಒಡೆದು ನೋಡಿ. ನಿರ್ದೇಶಕರ ಹೆಸರು, ಸಹಿ ಮಾಡುವ ಅಧಿಕಾರವಿರುವವರ ಗುರುತಿನ ಚೀಟಿ, ತಜ್ಞರ ಬಯೋಡೇಟಾ, ಹಿಂದಿನ ಕಾಮಗಾರಿ ಚೆನ್ನಾಗಿ ಮುಗಿಯಿತೆಂದು ಪತ್ರ ಕೊಟ್ಟ ಯಾವುದೋ ಇಲಾಖೆಯ ಅಧಿಕಾರಿಯ ನೇರ ನಂಬರ್, ಉಪಗುತ್ತಿಗೆ ತೆಗೆದುಕೊಳ್ಳುವವರ ವಿವರ. ಬಿಡ್ ಹಾಕಿದ್ದು ಕಂಪನಿ, ಒಳಗಿರುವವರು ಮನುಷ್ಯರು.

ಒಬ್ಬರೇ ನಡೆಸುವ ಸಂಸ್ಥೆಗಳಲ್ಲಂತೂ ಈ ಗೆರೆಯೇ ಅಳಿಸಿಹೋಗುತ್ತದೆ. ಅಂಗಡಿಯ ಹೆಸರೇ ಮಾಲೀಕರ ಹೆಸರು, ಕಚೇರಿ ವಿಳಾಸವೇ ಮನೆ ವಿಳಾಸ, ಸಂಸ್ಥೆಯ ತೆರಿಗೆ ಲೆಕ್ಕವೇ ಆ ಮನೆಯ ಆದಾಯ. ಯೂರೋಪಿನ ನ್ಯಾಯಾಲಯ 2010ರ ನವೆಂಬರ್ 9ರಂದು ಇದೇ ಬಗೆಯ ಪ್ರಶ್ನೆಯೊಂದನ್ನು ತೀರ್ಮಾನಿಸಿತು. ಕೃಷಿ ಸಹಾಯಧನ ಪಡೆದವರ ಹೆಸರು, ಊರು, ಮೊತ್ತವನ್ನೆಲ್ಲ ಅಂತರ್ಜಾಲದಲ್ಲಿ ಹಾಕಬೇಕೆಂಬ ನಿಯಮವಿತ್ತು. ವ್ಯಕ್ತಿಗಳ ಮಟ್ಟಿಗೆ ಆ ನಿಯಮ ಅಳತೆ ಮೀರಿದೆ, ಎಷ್ಟು ಕಾಲ, ಎಷ್ಟು ಸಲ, ಎಷ್ಟು ಮೊತ್ತದ ಸಹಾಯ ಎಂಬುದನ್ನು ನೋಡದೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ನ್ಯಾಯಾಲಯ ಹೇಳಿತು. ಸಂಸ್ಥೆಗಳ ವಿಚಾರದಲ್ಲಿ ಅಷ್ಟು ಬಿಗಿ ತೋರಿಸಲಿಲ್ಲ. ಆದರೆ ಸಂಸ್ಥೆಯ ಹೆಸರಿನಿಂದಲೇ ಒಬ್ಬ ವ್ಯಕ್ತಿಯ ಗುರುತು ಸಿಗುವುದಾದರೆ ಆ ಸಂಸ್ಥೆಯೂ ಈ ರಕ್ಷಣೆ ಕೇಳಬಹುದು ಎಂದಿತು. ಚಿಕ್ಕ ಗುತ್ತಿಗೆದಾರರ ಬಿಡ್ ನಿಮ್ಮ ಮೇಜಿಗೆ ಬಂದಾಗ ಈ ಮಾತು ನೆನಪಿರಲಿ.

ಈಗ ಒಪ್ಪಿಗೆಯ ವಿಷಯ. ಟೆಂಡರ್ ಅರ್ಜಿಯ ಕೊನೆಯಲ್ಲಿ ಒಂದು ಚೌಕ ಇರುತ್ತದೆ, "ನನ್ನ ಮಾಹಿತಿಯನ್ನು ಬಳಸಲು ಒಪ್ಪಿದ್ದೇನೆ" ಎಂದು ಗುರುತು ಹಾಕಬೇಕು. ಅದನ್ನು ಹಾಕಿಸಿಕೊಂಡರೆ ನಮ್ಮ ಹೊಣೆ ಮುಗಿಯಿತು ಎಂದು ತಿಳಿಯಬೇಡಿ. ಆ ಗುರುತು ಹಾಕುವವರು ಕಂಪನಿಯ ಗುಮಾಸ್ತರು. 14 ಪುಟದ ಬಯೋಡೇಟಾದ ಒಡತಿ ಅಲ್ಲ. ಒಂದು ವೇಳೆ ಆಕೆಯೇ ಹಾಕಿದರೂ ಬೇಡ ಎನ್ನುವ ಸ್ವಾತಂತ್ರ್ಯ ಅವರಿಗೆಲ್ಲಿದೆ? ಬೇಡವೆಂದರೆ ಬಿಡ್ ತಿರಸ್ಕೃತ. ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಒಬ್ಬಂಟಿ ವ್ಯಕ್ತಿ ಇರುವಾಗ ಒಪ್ಪಿಗೆಯನ್ನು ಮನಸಾರೆ ಕೊಟ್ಟದ್ದೆಂದು ನಂಬುವುದು ಕಷ್ಟ ಎಂದು ಜಿಡಿಪಿಆರ್‌ನ ಪೀಠಿಕೆಯೇ ಹೇಳುತ್ತದೆ. ಖರೀದಿ ಇಲಾಖೆ ನೆಚ್ಚಬೇಕಾದ್ದು ಕಾನೂನು ತನಗೆ ಹೊರಿಸಿರುವ ಕರ್ತವ್ಯವನ್ನು. ಕರ್ತವ್ಯಕ್ಕೆ ಒಂದು ಎಲ್ಲೆ ಇರುತ್ತದೆ. ಸಂಬಳದ ಚೀಟಿ ಕೇಳು ಎಂದು ಯಾವ ಕಾನೂನೂ ನಮಗೆ ಹೇಳಿರಲಿಲ್ಲ. ಹಿಂದಿನ ಟೆಂಡರ್ ದಾಖಲೆಯಿಂದ ಯಾರೋ ಷರತ್ತುಗಳನ್ನು ಹಾಗ್ಹಾಗೇ ಎತ್ತಿ ಹಾಕಿದ್ದರು, ಅದರ ಜೊತೆ ಆ ಸಾಲೂ ಬಂದಿತ್ತು. ಅದಕ್ಕಿಂತ ಹಿಂದಿನದಕ್ಕೆ ಯಾಕೆ ಬಂತು ಎಂದು ಹುಡುಕಿದೆ. ಹೇಳುವವರು ಯಾರೂ ಉಳಿದಿರಲಿಲ್ಲ.

ಇನ್ನೊಂದು ಕರ್ತವ್ಯವನ್ನು ನಾವು ಪೂರ್ತಿ ಮರೆತಿರುತ್ತೇವೆ. ವ್ಯಕ್ತಿಯ ಮಾಹಿತಿ ಅವರಿಂದ ನೇರವಾಗಿ ಬಾರದೆ ಮೂರನೆಯವರ ಮೂಲಕ ಬಂದರೆ, ಅದು ನಮ್ಮ ಬಳಿ ಇದೆ ಎಂದು ಆ ವ್ಯಕ್ತಿಗೆ ತಿಳಿಸಬೇಕು. ಜಿಡಿಪಿಆರ್‌ನ 14ನೇ ವಿಧಿ ಇದಕ್ಕೆ ಹೆಚ್ಚೆಂದರೆ ಒಂದು ತಿಂಗಳ ಗಡುವು ಕೊಡುತ್ತದೆ. ವಿಪರೀತ ಶ್ರಮ ಬೇಕಾಗುವಲ್ಲಿ ವಿನಾಯಿತಿಯೂ ಇದೆ. ಟೆಂಡರಿನಲ್ಲಿ ಇದಕ್ಕೊಂದು ಸುಲಭದ ದಾರಿ ಇದೆ: ನೀವು ಹೆಸರಿಸುವ ತಜ್ಞರಿಗೆ ಈ ತಿಳಿವಳಿಕೆ ಪತ್ರವನ್ನು ತಲುಪಿಸಿ, ಅವರ ಸಹಿಯೊಂದಿಗೆ ಬಯೋಡೇಟಾ ಲಗತ್ತಿಸಿ ಎಂದು ಬಿಡ್‌ದಾರರಿಗೆ ಷರತ್ತು ಹಾಕುವುದು. ವಿಶ್ವ ಬ್ಯಾಂಕಿನ ಸಲಹಾ ಸೇವೆಗಳ ಮಾದರಿ ದಾಖಲೆಯಲ್ಲಿ ಬಯೋಡೇಟಾದ ಕೊನೆಗೆ ತಜ್ಞರ ಸ್ವಂತ ದೃಢೀಕರಣ ಇರುತ್ತದೆ, ವಿವರ ನನ್ನದೇ, ಕೆಲಸ ಸಿಕ್ಕರೆ ನಾನು ಲಭ್ಯ ಎಂದು. ಇದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಎರವಲು ಹೆಸರುಗಳ ಮೋಸಕ್ಕೆ ತಡೆ ಬೀಳುತ್ತದೆ, ಹೆಸರಿನ ಒಡೆಯರಿಗೆ ಸುದ್ದಿಯೂ ತಲುಪುತ್ತದೆ. ನಮ್ಮ ಟೆಂಡರಿನಲ್ಲಿ ಆ ಒಂದು ಸಹಿ ಕಡ್ಡಾಯವಾಗಿದ್ದರೆ ಆ ಫೋನ್ ಕರೆಗೆ ಕಾರಣವೇ ಇರುತ್ತಿರಲಿಲ್ಲ.

ನಾನು ಇವತ್ತು ಹೇಳಬೇಕೆಂದು ಬಂದಿರುವ ಮುಖ್ಯ ಮಾತಿಗೆ ಈಗ ಬರುತ್ತೇನೆ. ಖಾಸಗಿ ಮಾಹಿತಿಯನ್ನು ಹೇಗೆ ಕಾಪಾಡೋಣ ಎಂದು ನಾವು ತಲೆ ಕೆಡಿಸಿಕೊಳ್ಳುವುದು ಅದು ಬಂದು ಬಿದ್ದ ಮೇಲೆ. ಅದಾಗಲೇ ತಡವಾಗಿರುತ್ತದೆ. ಟೆಂಡರ್ ದಾಖಲೆ ಬರೆಯುವ ದಿನ, ಷರತ್ತುಗಳ ಕರಡು ಕಂಪ್ಯೂಟರಿನಲ್ಲಿ ಇರುವಾಗಲೇ, ಒಂದೊಂದು ಲಗತ್ತಿನ ಎದುರೂ ಕೇಳಿಕೊಳ್ಳಬೇಕು: ಇದನ್ನು ಯಾವ ಸಾಲಿನ ಅಂಕಕ್ಕೆ ಬಳಸುತ್ತೇನೆ? ಈಗಲೇ ಬೇಕೆ, ಗೆದ್ದವರಿಂದ ಮಾತ್ರ ಸಾಕೆ?

ಈ ಎರಡನೆಯ ಪ್ರಶ್ನೆಯಲ್ಲಿ ದೊಡ್ಡ ಪರಿಹಾರವಿದೆ. ಯೂರೋಪಿನ 2014ರ ಸಾರ್ವಜನಿಕ ಖರೀದಿ ನಿರ್ದೇಶನ ಅದನ್ನು ಮಾಡಿ ತೋರಿಸಿದೆ. ಅಲ್ಲಿ ಇಎಸ್‌ಪಿಡಿ ಎಂಬ ಒಂದೇ ಮಾದರಿಯ ಸ್ವಯಂ ಘೋಷಣೆ ಇದೆ. ಬಿಡ್ ಹಾಕುವಾಗ ಅರ್ಹತೆಯ ಬಗ್ಗೆ ಕೊಡಬೇಕಾದ್ದು ಆ ಘೋಷಣೆ: ನಮ್ಮ ಮೇಲೆ ಇಂತಿಂಥ ಅಪರಾಧಗಳ ಶಿಕ್ಷೆ ಇಲ್ಲ, ತೆರಿಗೆ ಬಾಕಿ ಇಲ್ಲ, ಅರ್ಹತೆ ಇದೆ. ಪ್ರಮಾಣಪತ್ರಗಳನ್ನು ಸಾಮಾನ್ಯವಾಗಿ ಕೇಳುವುದು ಕೆಲಸ ಯಾರಿಗೆ ಎಂದು ತೀರ್ಮಾನವಾದ ಮೇಲೆ, ಗೆದ್ದವರಿಂದ. ನಡುವೆ ಅನುಮಾನ ಬಂದರೆ ಕೇಳುವ ಅಧಿಕಾರ ಇದ್ದೇ ಇದೆ. ಯೋಚಿಸಿ ನೋಡಿ. ಒಂದು ಟೆಂಡರಿಗೆ 20 ಬಿಡ್ ಬಂದವು, ಪ್ರತಿ ಕಂಪನಿಯಲ್ಲಿ ಐದು ನಿರ್ದೇಶಕರು ಎಂದಿಟ್ಟುಕೊಳ್ಳಿ. ಹಳೆಯ ಪದ್ಧತಿಯಲ್ಲಿ ನೂರು ಜನರ ಅಪರಾಧ ದಾಖಲೆಯ ಪ್ರತಿಗಳು ನಮ್ಮ ಕಪಾಟಿನಲ್ಲಿರುತ್ತವೆ. ಹೊಸ ಪದ್ಧತಿಯಲ್ಲಿ ಐದು ಜನರದ್ದು. 95 ಜನರ ದಾಖಲೆಯನ್ನು ಕಾಯುವ, ಬಚ್ಚಿಡುವ, ಸೋರಿತೇ ಎಂದು ಹೆದರುವ ಕೆಲಸವೇ ಇಲ್ಲ.

ಅಪರಾಧ ದಾಖಲೆ ಎಂದೆನಲ್ಲ, ಅದರ ಬಗ್ಗೆ ಇನ್ನೆರಡು ಮಾತು. ಭ್ರಷ್ಟಾಚಾರ, ವಂಚನೆ, ಹಣ ಅಕ್ರಮ ವರ್ಗಾವಣೆ, ಬಾಲಕಾರ್ಮಿಕ ಪದ್ಧತಿ, ಮಾನವ ಕಳ್ಳಸಾಗಣೆ ಇಂಥ ಅಪರಾಧಗಳಲ್ಲಿ ಶಿಕ್ಷೆಯಾದವರು ಕಂಪನಿಯ ಆಡಳಿತದಲ್ಲಿದ್ದರೆ ಆ ಕಂಪನಿಯನ್ನು ಹೊರಗಿಡಬೇಕು ಎಂದು ಅದೇ ನಿರ್ದೇಶನ ಹೇಳುತ್ತದೆ. ಅದು ಬೇಕಾದ ನಿಯಮವೇ. ಜನರ ದುಡ್ಡು ಯಾರ ಕೈಗೆ ಹೋಗುತ್ತಿದೆ ಎಂದು ನೋಡಲೇಬೇಕು. ಆದರೆ ನಮಗೆ ಬೇಕಾದ ಉತ್ತರ "ಈ ಪಟ್ಟಿಯ ಅಪರಾಧ ಇದೆಯೇ, ಇಲ್ಲವೇ" ಎಂಬಷ್ಟೇ. ಕಡತಕ್ಕೆ ಬರುವುದು ಇಡೀ ದಾಖಲೆ: ಇಪ್ಪತ್ತನೆಯ ವಯಸ್ಸಿನಲ್ಲಿ ಮಾಡಿದ ಜಗಳ, ವಾಹನ ಓಡಿಸುವಾಗಿನ ತಪ್ಪು, ಖುಲಾಸೆಯಾದ ಮೊಕದ್ದಮೆ. ಸಮಿತಿಯ ಒಬ್ಬರು ಅಧಿಕೃತವಾಗಿ ಪರಿಶೀಲಿಸಿ, "ನೋಡಲಾಗಿದೆ, ಅಡ್ಡಿ ಇಲ್ಲ" ಎಂದು ದಿನಾಂಕ ಹಾಕಿ ಟಿಪ್ಪಣಿ ಬರೆದು, ಮೂಲವನ್ನು ಹಿಂದಿರುಗಿಸಿದರೆ ಕಾನೂನಿನ ಉದ್ದೇಶ ಈಡೇರುತ್ತದೆ. ಲೆಕ್ಕ ಪರಿಶೋಧನೆಯವರು ಕೇಳುತ್ತಾರೆ ಎಂದು ಭಯ ಬೀಳುವವರಿದ್ದಾರೆ. ಹಾಗಾದರೆ ಯಾವ ದಾಖಲೆಯನ್ನು ನೋಡಿ ಹಿಂದಿರುಗಿಸಬಹುದು, ಯಾವುದನ್ನು ಇಡಲೇಬೇಕು ಎಂದು ಅವರನ್ನೇ ಕೂರಿಸಿಕೊಂಡು ಮೊದಲೇ ಬರೆದಿಟ್ಟುಕೊಳ್ಳಿ. ನಾನು ಕಂಡಂತೆ ಅವರು ಒಪ್ಪುತ್ತಾರೆ. ಯಾರೂ ಕೇಳಿರುವುದಿಲ್ಲ, ಅಷ್ಟೆ.

ಇನ್ನು ಪಾರದರ್ಶಕತೆ. ನಿಮ್ಮಲ್ಲಿ ಪತ್ರಕರ್ತರಿದ್ದೀರಿ, ಮಾಹಿತಿ ಹಕ್ಕಿನ ಕಾರ್ಯಕರ್ತರಿದ್ದೀರಿ. ಇವರು ಖಾಸಗಿತನದ ಹೆಸರು ಹೇಳಿ ಎಲ್ಲವನ್ನೂ ಮುಚ್ಚಿಡಲು ಹೊರಟಿದ್ದಾರೆಯೇ ಎಂಬ ಅನುಮಾನ ನಿಮ್ಮ ಮುಖದಲ್ಲಿ ಕಾಣುತ್ತಿದೆ. ಆ ಅನುಮಾನ ನ್ಯಾಯವಾದದ್ದು. ಟೆಂಡರಿನ ಅಕ್ರಮಗಳು ಹೊರಗೆ ಬಂದಿರುವುದೇ ಕಡತ ತೆರೆದು ನೋಡುವ ಹಕ್ಕಿನಿಂದ. ಸ್ಲೊವಾಕಿಯಾದಲ್ಲಿ 2011ರಿಂದ ಒಂದು ಕಾನೂನಿದೆ: ಸರ್ಕಾರಿ ಒಪ್ಪಂದವನ್ನು ಅಂತರ್ಜಾಲದಲ್ಲಿ ಪ್ರಕಟಿಸದಿದ್ದರೆ ಅದು ಜಾರಿಗೇ ಬರುವುದಿಲ್ಲ. ನನಗೆ ಅದು ಬಹಳ ಇಷ್ಟವಾದ ಕಾನೂನು. ಉಕ್ರೇನಿನ ಪ್ರೊಜೊರೊ ವ್ಯವಸ್ಥೆ 2016ರ ಆಗಸ್ಟ್‌ನಿಂದ ಅಲ್ಲಿನ ಎಲ್ಲ ಸರ್ಕಾರಿ ಖರೀದಿದಾರರಿಗೂ ಕಡ್ಡಾಯವಾಯಿತು, ಬಿಡ್‌ಗಳನ್ನು ಯಾರು ಬೇಕಾದರೂ ನೋಡಬಹುದು. ಯಾರಿಗೆ ಕೆಲಸ ಸಿಕ್ಕಿತು, ಎಷ್ಟಕ್ಕೆ, ಯಾವ ಕಾರಣಕ್ಕೆ, ಆಮೇಲೆ ಮೊತ್ತ ಎಷ್ಟು ಏರಿತು, ಯಾರು ಸಹಿ ಮಾಡಿದರು: ಇವೆಲ್ಲ ಬಯಲಲ್ಲೇ ಇರಬೇಕು. ಸಹಿ ಮಾಡಿದ ಅಧಿಕಾರಿಯ ಹೆಸರನ್ನು ಖಾಸಗಿ ಮಾಹಿತಿ ಎಂದು ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಅದು ಅವರ ಹುದ್ದೆಯ ಕೆಲಸ. ಅವರ ಮನೆ ವಿಳಾಸ ಮಾತ್ರ ಅವರ ಸ್ವಂತದ್ದು.

ಖಾಸಗಿತನವನ್ನು ಗುರಾಣಿ ಮಾಡಿಕೊಳ್ಳುವವರು ಇದ್ದೇ ಇದ್ದಾರೆ. ಪೋಲೆಂಡಿನ ಒಂದು ಪ್ರಕರಣ ಹೇಳುತ್ತೇನೆ, ತೀರ್ಪು ಬಂದದ್ದು 2022ರ ನವೆಂಬರ್ 17ರಂದು. ನದಿ ನೀರು ನಿರ್ವಹಣೆಗೆ ಸಂಬಂಧಿಸಿದ ಟೆಂಡರ್. ಸೋತ ಕಂಪನಿ ಗೆದ್ದವರ ಬಿಡ್ ತೋರಿಸಿ ಎಂದು ಕೇಳಿತು. ತಜ್ಞರ ಪಟ್ಟಿ, ಅನುಭವ, ಕೆಲಸ ಮಾಡುವ ವಿಧಾನ, ಇವೆಲ್ಲ ಗೋಪ್ಯ ಎಂದು ಗೆದ್ದವರು ಹೇಳಿದ್ದರು, ಖರೀದಿ ಸಂಸ್ಥೆ ತಲೆಯಾಡಿಸಿತ್ತು. ಯೂರೋಪಿನ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಬಿಡ್‌ದಾರರು ಗೋಪ್ಯ ಎಂದ ಮಾತ್ರಕ್ಕೆ ಗೋಪ್ಯವಾಗುವುದಿಲ್ಲ, ಒಂದೊಂದನ್ನೂ ಖರೀದಿ ಸಂಸ್ಥೆಯೇ ತೂಗಿ ನೋಡಬೇಕು. ಹೆಸರನ್ನು ತಡೆಹಿಡಿಯಲು ನಿಜವಾದ ಕಾರಣವಿದ್ದರೂ, ಆ ತಂಡದ ವಿದ್ಯಾರ್ಹತೆ ಏನು, ಅನುಭವ ಏನು ಎಂಬ ತಿರುಳನ್ನು ಸೋತವರಿಗೆ ತಿಳಿಸಲೇಬೇಕು, ಇಲ್ಲದಿದ್ದರೆ ಅವರು ಯಾವುದನ್ನು ಹಿಡಿದು ಮೇಲ್ಮನವಿ ಹಾಕುತ್ತಾರೆ ಎಂಬುದು ತೀರ್ಪಿನ ಸಾರ.

ನನ್ನ ಪ್ರಕಾರ ನಮ್ಮ ಕಚೇರಿಗಳ ಗೋಡೆಗೆ ಅಂಟಿಸಬೇಕಾದ ತೀರ್ಪು ಇದು. ಸೇತುವೆಯ ಆ ಬಯೋಡೇಟಾಕ್ಕೆ ಅನ್ವಯಿಸಿ ನೋಡಿ. ಸೋತ ಇನ್ನೊಂದು ಕಂಪನಿ ಬಂದು ಅಂಕಗಳನ್ನು ಪ್ರಶ್ನಿಸಿತು ಎಂದಿಟ್ಟುಕೊಳ್ಳೋಣ. "ತಂಡದ ಮುಖ್ಯಸ್ಥರು, ರಚನಾ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, 18 ವರ್ಷದ ಅನುಭವ, ಇಂಥದ್ದೇ ನಾಲ್ಕು ಸೇತುವೆ, ಆದ್ದರಿಂದ 20ಕ್ಕೆ 16 ಅಂಕ." ಇಷ್ಟು ಕೊಟ್ಟರೆ ಅವರು ಸಮಿತಿಯನ್ನು ಹಿಡಿದು ಕೇಳಬಹುದು, ಮೂರು ಸೇತುವೆ ಮಾಡಿದ ನಮ್ಮವರಿಗೆ ಯಾಕೆ ಒಂಬತ್ತು ಅಂಕ ಎಂದು. ಈ ಜಗಳಕ್ಕೆ ಆಕೆಯ ಮಕ್ಕಳ ಸಂಖ್ಯೆ ಯಾವ ರೀತಿಯಲ್ಲೂ ಬೇಕಾಗಿಲ್ಲ. ಅಂದರೆ ಪ್ರಶ್ನೆ "ಕಡತ ತೆರೆಯಬೇಕೋ ಮುಚ್ಚಬೇಕೋ" ಎಂಬುದಲ್ಲ. ಯಾವ ಸಾಲನ್ನು ತೆರೆಯಬೇಕು ಎಂಬುದು. ಸಾಲು ಸಾಲಾಗಿ ನೋಡುವುದು ಬೇಸರದ ಕೆಲಸ, ಒಪ್ಪುತ್ತೇನೆ. ಆ ಬೇಸರಕ್ಕೇ ಅರ್ಧ ಕಚೇರಿಗಳು ಎಲ್ಲ ಕೊಟ್ಟುಬಿಡುತ್ತವೆ, ಇನ್ನರ್ಧ ಏನೂ ಕೊಡುವುದಿಲ್ಲ.

ಕಾನೂನು ಬರೆಯುವವರೂ ಈ ಸಾಲಿನ ಕೆಲಸದಿಂದ ತಪ್ಪಿಸಿಕೊಳ್ಳಬಾರದು. ಭಾರತದ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 8(1)(ಜೆ) ಎಂಬ ಕಲಮಿತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಬಹಿರಂಗವಾದರೆ ಖಾಸಗಿತನಕ್ಕೆ ಅನುಚಿತವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬಹುದು ಎಂದು ಅದು ಹೇಳುತ್ತಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ನಾಗರಿಕರಿಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಅಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದನ್ನು ತೆಗೆದು "ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ" ಎಂಬಷ್ಟಕ್ಕೆ ಇಳಿಸಿತು, 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬಹುದೆಂಬ 8(2) ಈಗಲೂ ಇದೆ. ಆದರೆ ತೂಗಿ ನೋಡುವ ಕಲ್ಲನ್ನೇ ಕಲಮಿನ ಒಳಗಿನಿಂದ ತೆಗೆದ ಮೇಲೆ, ಕಡತದಲ್ಲಿ ಒಂದು ಹೆಸರಿದ್ದರೂ ಸಾಕು, ಇಲ್ಲ ಎನ್ನುವುದು ಅಧಿಕಾರಿಗೆ ಸುಲಭವಾಗುತ್ತದೆ. ಬಯೋಡೇಟಾದ ಒಡತಿಯ ಪರವಾಗಿ ಇಷ್ಟು ಹೊತ್ತು ಮಾತಾಡಿದ ನಾನು ಈ ಬದಲಾವಣೆಯನ್ನು ಒಪ್ಪಲಾರೆ. ಆಕೆಯ ಖಾಸಗಿತನ ಕಾಯಲು ಇದು ಬೇಕಾಗಿರಲಿಲ್ಲ.

ನಿಜವಾಗಿ ಲಾಭ ಪಡೆಯುವ ಮಾಲೀಕರು ಯಾರು ಎಂಬುದೂ ಇಂಥದ್ದೇ ಗಂಟು. 2022ರ ನವೆಂಬರ್ 22ರಂದು ಯೂರೋಪಿನ ನ್ಯಾಯಾಲಯ, ಕಂಪನಿಗಳ ನಿಜ ಮಾಲೀಕರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದೆಂಬ ನಿಯಮವನ್ನು ರದ್ದು ಮಾಡಿತು. ಎಲ್ಲ ಕಂಪನಿಗಳಿಗೂ ಅದನ್ನು ಅನ್ವಯಿಸುವುದು ಅಳತೆ ಮೀರಿದ್ದು ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಸರ್ಕಾರದ ಗುತ್ತಿಗೆ ಹಿಡಿಯುವ ಕಂಪನಿ ಬೇರೆ. ಜನರ ದುಡ್ಡಿಗೆ ಕೈ ಚಾಚಿದವರು ಆ ಕೈ ಯಾರದೆಂದು ಹೇಳಬೇಕು. ಮಾಲೀಕರ ಹೆಸರು, ಪಾಲು ಎಷ್ಟು ಎಂಬುದು ತೆರೆದಿರಲಿ, ಹುಟ್ಟಿದ ತಾರೀಕು, ಮನೆ ವಿಳಾಸ ಬೇಡ. ಮತ್ತೆ ಸಾಲಿನ ಮಾತೇ.

ಸಮಿತಿಯ ಸದಸ್ಯರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹಿತಾಸಕ್ತಿ ಸಂಘರ್ಷ ಇಲ್ಲವೆಂದು ನಾವೆಲ್ಲ ಘೋಷಣೆ ಬರೆದು ಕೊಡುತ್ತೇವೆ. ಗಂಡ ಅಥವಾ ಹೆಂಡತಿ, ಸಂಬಂಧಿಕರು, ಅವರು ಎಲ್ಲಿ ಕೆಲಸ ಮಾಡುತ್ತಾರೆ, ಯಾವ ಷೇರು ಇದೆ. ಲಿಥುವೇನಿಯಾದಲ್ಲಿ ಇಂಥ ಘೋಷಣೆಗಳನ್ನು ಅಂತರ್ಜಾಲದಲ್ಲಿ ಹಾಕುವ ಕಾನೂನಿತ್ತು. ಪ್ರಕರಣ ಯೂರೋಪಿನ ನ್ಯಾಯಾಲಯಕ್ಕೆ ಬಂದಾಗ, 2022ರ ಆಗಸ್ಟ್ 1ರ ತೀರ್ಪಿನಲ್ಲಿ ಅದು ಒಂದು ಸೂಕ್ಷ್ಮ ಗುರುತಿಸಿತು. ಬಾಳಸಂಗಾತಿಯ ಹೆಸರನ್ನು ಪ್ರಕಟಿಸಿದರೆ ಆ ಹೆಸರಿನಿಂದಲೇ ಒಬ್ಬರ ಲೈಂಗಿಕ ಒಲವು ಜಗತ್ತಿಗೆ ತಿಳಿಯಬಹುದು. ಬರೆದದ್ದು ಬರೀ ಹೆಸರಾದರೂ ಅದರಿಂದ ತಿಳಿಯುವುದು ಅತಿ ಸೂಕ್ಷ್ಮ ಮಾಹಿತಿಯಾದರೆ, ಅದಕ್ಕೂ ಅತಿ ಸೂಕ್ಷ್ಮ ಮಾಹಿತಿಯ ರಕ್ಷಣೆಯೇ ಸಿಗಬೇಕು. ಘೋಷಣೆ ಬೇಕು, ಅದನ್ನು ಪರಿಶೀಲಿಸುವವರೂ ಬೇಕು. ಇಡೀ ಘೋಷಣೆಯನ್ನು ಜಾಲತಾಣಕ್ಕೆ ಏರಿಸಬೇಕಾಗಿಲ್ಲ.

ಈಗ ಕೈ ಕೆಲಸದ ವಿಷಯ. ತತ್ತ್ವವೆಲ್ಲ ಸರಿಯಿದ್ದೂ ಮಾಹಿತಿ ಸೋರುವುದು ಎಲ್ಲಿ ಗೊತ್ತೇ? ಪಿಡಿಎಫ್‌ನಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆಯುತ್ತೇವೆ. ಪರದೆಯಲ್ಲಿ ಕಾಣುವುದಿಲ್ಲ. ಆ ಸಾಲನ್ನು ಆರಿಸಿ, ಕಾಪಿ ಮಾಡಿ, ಬೇರೆ ಕಡೆ ಪೇಸ್ಟ್ ಮಾಡಿ, ಹೆಸರು ಮತ್ತೆ ಬಂದು ನಿಲ್ಲುತ್ತದೆ. ಪಟ್ಟಿ ಬಿದ್ದದ್ದು ಮೇಲೆ, ಅಕ್ಷರ ಹಾಗೇ ಕೆಳಗಿದೆ. ಎಕ್ಸೆಲ್ ಇನ್ನೂ ಅಪಾಯದ್ದು. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಎಕ್ಸೆಲ್ ಕಡತದಲ್ಲಿ ಉತ್ತರ ಕೊಟ್ಟಿತು. ಕೇಳಿದ್ದು ಯಾವ ದರ್ಜೆಯಲ್ಲಿ ಎಷ್ಟು ಜನ ಎಂಬ ಸಂಖ್ಯೆ. ಆದರೆ ಅಡಗಿಸಿಟ್ಟ ಒಂದು ಹಾಳೆ ಅದರೊಳಗೇ ಉಳಿದಿತ್ತು, ಅದರಲ್ಲಿ 9,483 ಸಿಬ್ಬಂದಿಯ ಕುಲನಾಮ, ಹೆಸರಿನ ಮೊದಲಕ್ಷರ, ಹುದ್ದೆ, ಕೆಲಸದ ಜಾಗ. ಪೊಲೀಸರು ತಾವು ಪೊಲೀಸರೆಂದು ನೆರೆಹೊರೆಯವರಿಗೂ ಹೇಳಿಕೊಳ್ಳಲು ಅಂಜುವ ಊರುಗಳವು. ಇಲಾಖೆಗೆ ಏಳೂವರೆ ಲಕ್ಷ ಪೌಂಡ್ ದಂಡ ಬಿತ್ತು. ಮನೆ ಬದಲಿಸಿದವರ ಸಂಕಟಕ್ಕೆ ದಂಡದಿಂದ ಪರಿಹಾರ ಸಿಗುವುದಿಲ್ಲ. ನಮ್ಮ ತುಲನಾತ್ಮಕ ತಖ್ತೆಗಳೂ ಎಕ್ಸೆಲ್‌ನಲ್ಲೇ ಇರುತ್ತವೆ. ಹೊರಗೆ ಕೊಡುವ ಪ್ರತಿಯನ್ನು ಹೊಸ ಹಾಳೆಯಲ್ಲಿ ಬೇಕಾದ ಕಾಲಂಗಳಷ್ಟನ್ನೇ ಹಾಕಿ ತಯಾರಿಸಿ. ಹಳೆಯದರಲ್ಲಿ ಅಡಗಿಸಿ ಕೊಡಬೇಡಿ.

ಪೋರ್ಟಲ್ ನಡೆಸುವ ಸಂಸ್ಥೆಯೊಂದಿಗಿನ ಒಪ್ಪಂದವನ್ನೂ ಒಮ್ಮೆ ತೆಗೆದು ಓದಿ. ಲಕೋಟೆ ತೆರೆಯುವ ಮೊದಲು ಯಾರು ನೋಡಬಹುದು, ಯಾರು ಯಾವಾಗ ನೋಡಿದರೆಂಬ ದಾಖಲೆ ಉಳಿಯುತ್ತದೆಯೇ, ಸೋರಿಕೆಯಾದರೆ ನಮಗೆ ಎಷ್ಟು ಹೊತ್ತಿನಲ್ಲಿ ತಿಳಿಸುತ್ತಾರೆ? ಯೂರೋಪಿನಲ್ಲಿ ಸೋರಿಕೆ ತಿಳಿದ 72 ಗಂಟೆಯೊಳಗೆ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ವರದಿ ಕೊಡಬೇಕು. ಹೊರಗುತ್ತಿಗೆ ಸಂಸ್ಥೆ ನಮಗೇ ನಾಲ್ಕನೆಯ ದಿನ ಹೇಳಿದರೆ ನಾವೇನು ವರದಿ ಕೊಡುತ್ತೇವೆ?

ಇಷ್ಟು ಹೊತ್ತು ಮಾತಾಡಿದ್ದು ಕಾರ್ಯಾದೇಶದವರೆಗಿನ ಕಥೆ. ಕೆಲಸ ಶುರುವಾದ ಮೇಲೆ ಕಡತಕ್ಕೆ ಬರುವವರ ಬಗ್ಗೆ ಎಲ್ಲೂ ಚರ್ಚೆ ನಡೆಯುವುದಿಲ್ಲ, ನನಗೆ ಹೆಚ್ಚು ನೋವಿರುವುದು ಅಲ್ಲೇ. ಸ್ವಚ್ಛತೆಯ ಗುತ್ತಿಗೆ ತೆಗೆದುಕೊಳ್ಳಿ. ಕಾರ್ಮಿಕರಿಗೆ ಕನಿಷ್ಠ ವೇತನ ಸಿಕ್ಕಿದೆ ಎಂದು ಸಾಬೀತಾಗದೆ ಬಿಲ್ ಪಾಸ್ ಮಾಡಬಾರದು, ಸರಿಯಾದ ನಿಯಮ. ಹಾಗಾಗಿ ಪ್ರತಿ ತಿಂಗಳ ಬಿಲ್ಲಿನ ಹಿಂದೆ ಹಾಜರಿ ಪಟ್ಟಿ, ವೇತನ ಪಟ್ಟಿ, ಬ್ಯಾಂಕ್ ಖಾತೆ ಸಂಖ್ಯೆ, ಗುರುತಿನ ಚೀಟಿಯ ನಕಲು. ರಜೆ ಹಾಕಿದವರ ಮುಂದೆ "ಆಪರೇಷನ್" ಎಂದು, "ಹೆರಿಗೆ" ಎಂದು ಶರಾ. ಒಮ್ಮೆ ನಾನು ಒಂದು ಕಚೇರಿಯ ವರಾಂಡದಲ್ಲಿ ಇಂಥ ಬಿಲ್ಲಿನ ಕಟ್ಟು ಬೆಂಚಿನ ಮೇಲೆ ಬಿಚ್ಚಿ ಬಿದ್ದಿದ್ದನ್ನು ಕಂಡೆ. ಮೇಲಿನ ಹಾಳೆಯಲ್ಲಿ ಒಬ್ಬ ಹೆಂಗಸಿನ ಮುಖ, ಹೆಬ್ಬೆಟ್ಟಿನ ಗುರುತು, ಖಾತೆ ಸಂಖ್ಯೆ. ಆ ಹಾಳೆಯ ಮೇಲೆ ಯಾರೋ ಕುಡಿಯುವ ಲೋಟ ಇಟ್ಟು ಹೋಗಿದ್ದರು, ಒದ್ದೆ ಗುಂಡು ಗೆರೆ ಮೂಡಿತ್ತು. ಆಕೆಗೆ ವೇತನ ಸಿಕ್ಕಿತೇ ಎಂದು ಪರೀಕ್ಷಿಸಲೆಂದೇ ತರಿಸಿದ ಕಾಗದ ಅದು.

ಸೇತುವೆಯ ಎಂಜಿನಿಯರ್ ಫೋನ್ ಮಾಡಿ ಕೇಳಿದರು. ಈ ತಾಯಿ ಯಾರನ್ನು ಕೇಳುತ್ತಾರೆ? ತಮ್ಮ ಹೆಸರು ಆ ಕಚೇರಿಗೆ ಹೋಗಿದೆ ಎಂಬುದೂ ಅವರಿಗೆ ಗೊತ್ತಿರಲಾರದು. ಪರಿಹಾರ ಕಷ್ಟದ್ದಲ್ಲ. ಗುರುತಿನ ಚೀಟಿಯನ್ನು ಕೆಲಸಕ್ಕೆ ಸೇರಿದಾಗ ಒಮ್ಮೆ ನೋಡಿ ಟಿಪ್ಪಣಿ ಮಾಡಿಕೊಂಡರೆ ಸಾಕು, ಪ್ರತಿ ತಿಂಗಳೂ ನಕಲು ಬೇಡ. ವೇತನ ಪಟ್ಟಿಯಲ್ಲಿ ಕಾರ್ಮಿಕರ ಕ್ರಮ ಸಂಖ್ಯೆ, ಹಾಜರಿ ದಿನ, ಜಮೆಯಾದ ಮೊತ್ತ ಇರಲಿ. ಖಾತೆಯ ಕೊನೆಯ ನಾಲ್ಕು ಅಂಕೆ ಇರಲಿ. ಅನುಮಾನ ಬಂದರೆ ಸ್ಥಳಕ್ಕೆ ಹೋಗಿ ಕಾರ್ಮಿಕರನ್ನೇ ಕೇಳಿ. ಕಾಗದಕ್ಕಿಂತ ಅದೇ ಹೆಚ್ಚು ನಂಬಿಕೆಯ ತಪಾಸಣೆ.

ಕೊನೆಯದಾಗಿ, ಕಡತ ಎಷ್ಟು ಕಾಲ ಇರಬೇಕು. ಎಲ್ಲವನ್ನೂ ಶಾಶ್ವತವಾಗಿ ಇಡುವುದು ಜಾಗ್ರತೆ ಅಲ್ಲ. ಯೂರೋಪಿಯನ್ ಆಯೋಗ ತನ್ನ ಟೆಂಡರುಗಳಲ್ಲಿ ಅನುಸರಿಸುತ್ತ ಬಂದ ಕ್ರಮದಲ್ಲಿ ಖರೀದಿ ಕಡತಕ್ಕೆ ಒಪ್ಪಂದಕ್ಕೆ ಸಹಿಯಾದ ಮೇಲೆ 10 ವರ್ಷ, ಸೋತವರ ಬಿಡ್‌ಗಳಿಗೆ 5 ವರ್ಷ. ಈ ಭೇದ ಮುಖ್ಯ. ಗೆದ್ದವರ ಕಡತವನ್ನು ಲೆಕ್ಕ ಪರಿಶೋಧನೆ, ವ್ಯಾಜ್ಯ, ಕಾಮಗಾರಿಯ ದೋಷ ಹೊಣೆ ಮುಗಿಯುವವರೆಗೆ ಇಡಬೇಕು. ಸೋತವರ ಬಯೋಡೇಟಾಗಳಿಂದ ಮೇಲ್ಮನವಿಯ ಕಾಲ, ಪರಿಶೋಧನೆಯ ಕಾಲ ಕಳೆದ ಮೇಲೆ ನಮಗೇನು ಕೆಲಸ? ಟೆಂಡರುಗಳಿಂದ ಹೊರಗಿಟ್ಟವರ ಕಪ್ಪುಪಟ್ಟಿಗೂ ಇದೇ ನ್ಯಾಯ. 2014ರ ನಿರ್ದೇಶನದ ಪ್ರಕಾರ, ತೀರ್ಪಿನಲ್ಲೇ ಅವಧಿ ಹೇಳಿರದಿದ್ದರೆ, ಶಿಕ್ಷೆಯ ಕಾರಣಕ್ಕೆ ಹೊರಗಿಡುವುದು ಹೆಚ್ಚೆಂದರೆ ಐದು ವರ್ಷ, ಇತರ ಕಾರಣಗಳಿಗೆ ಮೂರು ವರ್ಷ. ಅವಧಿ ಮುಗಿದ ದಿನ ಹೆಸರು ಪಟ್ಟಿಯಿಂದ ಇಳಿಯಬೇಕು, ಜಾಲತಾಣದಲ್ಲಿ ಉಳಿದ ಹಳೆಯ ಪಿಡಿಎಫ್‌ನಿಂದಲೂ ಇಳಿಯಬೇಕು. ಹುಡುಕಿದಾಗ ಮೊದಲು ಸಿಗುವುದು ಆ ಹಳೆಯ ಪಿಡಿಎಫ್.

ಸೇತುವೆಯ ಟೆಂಡರಿನ ಸೋತ ಬಿಡ್‌ಗಳ ಅವಧಿ ಮುಗಿದಾಗ ನಾನು ಇನ್ನೂ ಸೇವೆಯಲ್ಲಿದ್ದೆ. ಪೋರ್ಟಲ್‌ನಿಂದ ಅಳಿಸಿದ ದೃಢೀಕರಣ ಬಂತು. ಕಾಗದದ ಪ್ರತಿಗಳನ್ನು ಯಂತ್ರಕ್ಕೆ ಹಾಕಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದೆ. ಸಮಿತಿಯ ಹಳೆಯ ಸದಸ್ಯರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಪೆನ್‌ಡ್ರೈವ್ ನೋಡಿ, ಇಮೇಲ್ ನೋಡಿ ಎಂದೆ. ಇಬ್ಬರ ಬಳಿ ಇನ್ನೂ ಇತ್ತು. ಒಬ್ಬರು ನಿವೃತ್ತರಾಗಿ ಮೂರು ವರ್ಷವಾಗಿತ್ತು. ಅವರು ಅಳಿಸಿ ತಿಳಿಸಿದ ಮೇಲೆ ಆ ಎಂಜಿನಿಯರ್ ಅವರಿಗೆ ನಾಲ್ಕು ಸಾಲಿನ ಇಮೇಲ್ ಬರೆದೆ: ನಿಮ್ಮ ಸಂಬಳದ ಚೀಟಿಯನ್ನು ನಮಗೆ ತಿಳಿದಂತೆ ಒಂಬತ್ತು ಜನ ನೋಡಿದ್ದಾರೆ, ಈಗ ಅದು ನಮ್ಮ ಬಳಿ ಇಲ್ಲ, ಮುಂದಿನ ಟೆಂಡರುಗಳಿಂದ ಆ ಷರತ್ತನ್ನು ತೆಗೆಯಲಾಗಿದೆ. ಅಷ್ಟು ವರ್ಷ ತಡವಾಗಿ ಕೊಟ್ಟ ಉತ್ತರಕ್ಕೆ ಅವರು ಅದೇ ಸಂಜೆ ಮರುಪತ್ರ ಬರೆದರು. ತಮ್ಮ ಈಗಿನ ಕಂಪನಿ ಟೆಂಡರುಗಳಿಗೆ ಕೊಡುವ ಬಯೋಡೇಟಾದ ನಮೂನೆಯನ್ನು ಲಗತ್ತಿಸಿ, ಇದರಲ್ಲಿ ಇನ್ನೇನು ತೆಗೆಯಬಹುದು ನೋಡಿ ಹೇಳಿ ಎಂದು ಕೇಳಿದ್ದರು. ಎರಡು ಪುಟವಿತ್ತು. ನಾನು ಫೋಟೊ ಮತ್ತು ಹುಟ್ಟಿದ ದಿನಕ್ಕೆ ಗೆರೆ ಹೊಡೆದು ವಾಪಸ್ ಕಳಿಸಿದೆ.